ಸಂಕಟದ ಕುರಿ ಬೆದೆಗೆ ಬಾರದೇಕೆ?



ಮಂದೆಯಲ್ಲಿ ಒಂದು ಕುರಿ ಇರುತ್ತದೆ. ಹೋದ ವರ್ಷ ಚೆಂದದ ಮರಿ ಹಾಕಿ, ಹಾಲುಣಿಸಿ, ಬೆಳೆಸಿಕೊಟ್ಟಿತ್ತು. ಈ ವರ್ಷ ಟಗರು ಹತ್ತಿರ ಬಂದರೆ ದೂರ ಸರಿಯುತ್ತದೆ. ಒಂದು ತಿಂಗಳು ಕಾಯುತ್ತೀರಿ, ಎರಡು ತಿಂಗಳು ಕಾಯುತ್ತೀರಿ. ಬೆದೆಯ ಸುಳಿವೇ ಇಲ್ಲ. ಆಗ ಮನೆಯಲ್ಲಿ ಯಾರಾದರೊಬ್ಬರು, “ಇದು ಗೊಡ್ಡು ಬಿತ್ತು ಕಣಪ್ಪಾ, ಬರೋ ಸಂತೆಗೆ ಹೊಡಕೊಂಡು ಹೋಗು” ಅನ್ನುತ್ತಾರೆ. ಕುರಿ ಸಂತೆಗೆ ಹೋಗುತ್ತದೆ. ಅಲ್ಲಿಂದ ಕಟುಕರ ಕೈಗೆ ಹೋಗುತ್ತದೆ.

ಆ ಕುರಿ ನಿಜವಾಗಿಯೂ ಗೊಡ್ಡಾಗಿತ್ತೆ? ಎಷ್ಟೋ ಸಲ ಆಗಿರುವುದಿಲ್ಲ. ಬಹಳ ದಿನ ಸಂಕಟಪಟ್ಟ ಕುರಿಯಲ್ಲಿ ಮೊದಲು ಸದ್ದಡಗುವುದು ಗರ್ಭಕೋಶವಲ್ಲ, ಮಿದುಳು. ಈ ಒಂದು ಮಾತನ್ನು ತಿಳಿಯುವುದಕ್ಕೆ ಲೋಕದ ವಿದ್ವಾಂಸರಿಗೆ ಹೆಚ್ಚುಕಡಿಮೆ ನೂರು ವರ್ಷ ಹಿಡಿಯಿತು. ಆ ಹುಡುಕಾಟದ ಕಥೆಯನ್ನು ಈ ಹೊತ್ತು ನಿಮಗೆ ಹೇಳುತ್ತೇನೆ. ಕಥೆಯ ಉದ್ದಕ್ಕೂ ಕುರಿಯೇ ನಾಯಕಿ.

ಕಥೆ ಮೊದಲಾಗುವುದು ದೂರದ ಸ್ಕಾಟ್‌ಲೆಂಡಿನಲ್ಲಿ. ಅದು ಚಳಿಯ ನಾಡು, ಕುರಿಯ ನಾಡು. ಅಲ್ಲಿನ ಎಡಿನ್‌ಬರೋ ಪಟ್ಟಣದಲ್ಲಿದ್ದ ಫ್ರಾನ್ಸಿಸ್ ಮಾರ್ಷಲ್ ಎಂಬ ವಿದ್ವಾಂಸರು ಕುರಿಯ ಬೆದೆಯ ವಿಚಾರವಾಗಿ 1903ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಗಬ್ಬವಾಗದ ಕುರಿ ಸುಮಾರು 17 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಬೆದೆ ಒಂದು ಒಂದೂವರೆ ದಿನ ಇರುತ್ತದೆ. ಇದು ಕುರಿಗಾರನ ಕಣ್ಣಿಗೆ ಕಾಣುವ ಸಂಗತಿ. ಆ ಹೊತ್ತಿಗೆ ಒಳಗೆ ಅಂಡಾಶಯದಲ್ಲಿ ಅಂಡ ಹೇಗೆ ಬಲಿಯುತ್ತದೆ, ಹೇಗೆ ಹೊರಬೀಳುತ್ತದೆ, ಅದು ಬಿದ್ದ ಜಾಗದಲ್ಲಿ ಮುಂದೆ ಏನು ಬೆಳೆಯುತ್ತದೆ ಎಂಬುದನ್ನು ಮಾರ್ಷಲ್ ವಿವರಿಸಿದರು.

ಆಮೇಲೆ ಅವರು ಇಂಗ್ಲೆಂಡಿನ ಕೇಂಬ್ರಿಜ್‌ಗೆ ಬಂದರು. ಅವರನ್ನು ಒಂದು ಪ್ರಶ್ನೆ ಬಿಡಲಿಲ್ಲ. ಬೆಳಕು ಹೆಚ್ಚಾದರೆ, ಕಡಿಮೆಯಾದರೆ, ಮೇವು ಸೊರಗಿದರೆ, ಪ್ರಾಣಿಗಳ ಬೆದೆಯ ಕಾಲವೂ ಹಿಂದುಮುಂದಾಗುತ್ತದೆ. ಹೊರಗಿನ ಬಿಸಿಲು, ಮೇವು, ಹವೆ ಇವುಗಳ ಸುದ್ದಿ ಒಳಗಿನ ಅಂಡಾಶಯಕ್ಕೆ ಮುಟ್ಟುವುದು ಹೇಗೆ? 1936ರಲ್ಲಿ ಕೊಟ್ಟ ಒಂದು ಉಪನ್ಯಾಸದಲ್ಲಿ ಮಾರ್ಷಲ್ ತಮ್ಮ ಊಹೆಯನ್ನು ಮುಂದಿಟ್ಟರು. ಸುದ್ದಿ ನರಗಳ ಮೂಲಕ ಮಿದುಳಿಗೆ ಹೋಗುತ್ತದೆ. ಮಿದುಳಿನ ತಳದಲ್ಲಿ ತೂಗುಬಿದ್ದಿರುವ ಪಿಟ್ಯೂಟರಿ ಎಂಬ ಪುಟ್ಟ ಗ್ರಂಥಿ ಅಲ್ಲಿಂದ ಅಪ್ಪಣೆ ಪಡೆಯುತ್ತದೆ. ಆ ಗ್ರಂಥಿ ರಕ್ತಕ್ಕೆ ಬಿಡುವ ರಸಗಳು ಅಂಡಾಶಯವನ್ನು ಎಬ್ಬಿಸುತ್ತವೆ. ಈ ರಸಗಳಿಗೇ ಹಾರ್ಮೋನು ಎಂದು ಹೆಸರು.

ಅದೇ 1936ರಲ್ಲಿ, ಕಡಲಿನ ಆಚೆ, ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ಹಾನ್ಸ್ ಸೆಲ್ಯೆ ಎಂಬ ಯುವಕ ವೈದ್ಯರು ಬೇರೊಂದು ಸಂಗತಿ ಬರೆದರು. ಅವರು ಪರೀಕ್ಷೆ ಮಾಡಿದ್ದು ಇಲಿಗಳ ಮೇಲೆ. ಇಲಿಗೆ ಚಳಿ ಹಿಡಿಸಲಿ, ಅಳತೆಮೀರಿ ದುಡಿಸಲಿ, ವಿಷ ಕೊಡಲಿ, ಕಾಟ ಯಾವುದಾದರೂ ಮೈ ತೋರಿಸುವ ಗುರುತು ಒಂದೇ. ಮೂತ್ರಪಿಂಡದ ನೆತ್ತಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ಊದುತ್ತದೆ, ಹೊಟ್ಟೆಯೊಳಗೆ ಹುಣ್ಣು ಬೀಳುತ್ತದೆ. ಕಾಟ ಮುಂದುವರಿದರೆ ಪಿಟ್ಯೂಟರಿಯು ಬೆಳವಣಿಗೆಯ ಮತ್ತು ಸಂತಾನದ ಕೆಲಸವನ್ನು ಬದಿಗಿಟ್ಟು, ಅಡ್ರಿನಲ್ಲನ್ನು ದುಡಿಸುವ ಕೆಲಸಕ್ಕೇ ನಿಲ್ಲುತ್ತದೆ ಎಂದು ಸೆಲ್ಯೆ ತರ್ಕಿಸಿದರು. ಮುಂದೆ ಇದಕ್ಕೆ ‘ಸ್ಟ್ರೆಸ್’ ಎಂಬ ಹೆಸರು ಬಿತ್ತು. ಪುಸ್ತಕದಲ್ಲಿ ಒತ್ತಡ ಎಂದು ಬರೆಯುತ್ತಾರೆ. ಹಟ್ಟಿಯ ಮಾತಿನಲ್ಲಿ ಹೇಳುವುದಾದರೆ ಸಂಕಟ, ಬಳಲಿಕೆ, ಕಾಟ.

ಹೀಗೆ ಒಂದೇ ವರ್ಷದಲ್ಲಿ ಎರಡು ದಾರಿಗಳು ಕಾಣಿಸಿದವು. ಒಂದು ಬೆದೆಯ ದಾರಿ, ಇನ್ನೊಂದು ಸಂಕಟದ ದಾರಿ. ಎರಡೂ ಮಿದುಳಿನ ತಳದಲ್ಲಿ ಸೇರುತ್ತವೆ ಎಂಬುದು ಗೊತ್ತಾಗಲು ಇನ್ನೂ ಬಹಳ ವರ್ಷ ಬೇಕಾಯಿತು.

ಮೊದಲು ಸಾಬೀತಾಗಬೇಕಾಗಿದ್ದುದು ಮಾರ್ಷಲ್ಲರ ಊಹೆ. ಆ ಕೆಲಸ ಮಾಡಿದವರು ಅವರ ಶಿಷ್ಯ ಜೆಫ್ರಿ ಹ್ಯಾರಿಸ್. ಪಿಟ್ಯೂಟರಿಯ ನೆತ್ತಿಯ ಮೇಲೆ, ಮಿದುಳಿನಲ್ಲಿ, ಚಿಟಿಕೆಯಷ್ಟು ಜಾಗಕ್ಕೆ ಹೈಪೊಥಲಾಮಸ್ ಎಂದು ಹೆಸರು. ಅಲ್ಲಿಂದ ಪಿಟ್ಯೂಟರಿಗೆ ಕೂದಲಿನಂಥ ಸಣ್ಣ ರಕ್ತನಾಳಗಳು ಇಳಿದುಬರುತ್ತವೆ. ಮಿದುಳಿನ ಅಪ್ಪಣೆ ಈ ನಾಳಗಳಲ್ಲಿ ಹರಿಯುವ ಯಾವುದೋ ರಸದ ರೂಪದಲ್ಲಿ ಬರುತ್ತದೆ ಎಂದು ಹ್ಯಾರಿಸ್ ಹೇಳಿದರು. 1952ರಲ್ಲಿ ಅವರೂ ಡೋರಾ ಯಾಕೋಬ್‌ಸನ್ ಎಂಬ ವಿದುಷಿಯೂ ಸೇರಿ ಒಂದು ಪರೀಕ್ಷೆ ನಡೆಸಿದರು. ಹೆಣ್ಣು ಇಲಿಗಳ ಪಿಟ್ಯೂಟರಿ ತೆಗೆದು, ಬೇರೆ ಪಿಟ್ಯೂಟರಿ ತಂದು ನೆಟ್ಟರು. ಕೆಲವಕ್ಕೆ ಹೈಪೊಥಲಾಮಸ್ಸಿನ ಕೆಳಗೇ, ಆ ನಾಳಗಳ ಹತ್ತಿರ ನೆಟ್ಟರು. ಕೆಲವಕ್ಕೆ ಮಿದುಳಿನ ಇನ್ನೊಂದು ಮಗ್ಗುಲಲ್ಲಿ ನೆಟ್ಟರು. ನಾಳಗಳ ಹತ್ತಿರ ನೆಟ್ಟ ಇಲಿಗಳಿಗೆ ಬೆದೆ ಮರಳಿತು, ಗಬ್ಬವೂ ನಿಂತಿತು. ಇನ್ನೊಂದು ಕಡೆ ನೆಟ್ಟವು ಹಾಗೆಯೇ ಉಳಿದವು. ಗ್ರಂಥಿ ಎರಡು ಕಡೆಯೂ ಬದುಕಿತ್ತು. ಒಂದಕ್ಕೆ ಅಪ್ಪಣೆ ಮುಟ್ಟಿತು, ಇನ್ನೊಂದಕ್ಕೆ ಮುಟ್ಟಲಿಲ್ಲ.

ಇದನ್ನು ನಮ್ಮ ಹಳ್ಳಿಯ ರೀತಿಯಲ್ಲಿ ಹೇಳಬಹುದು. ಹಿಂದೆ ಊರಿನಲ್ಲಿ ಪಟೇಲರು ಚಾವಡಿಯಲ್ಲಿ ಕೂತು ಅಪ್ಪಣೆ ಕೊಡುತ್ತಿದ್ದರು. ತಳವಾರ ತಮಟೆ ಹಿಡಿದು ಡಂಗುರ ಸಾರುತ್ತಿದ್ದ. ಊರಿನವರು ಕೇಳಿ ಕೆಲಸಕ್ಕೆ ಹೊರಡುತ್ತಿದ್ದರು. ಹೈಪೊಥಲಾಮಸ್ ಪಟೇಲ. ಪಿಟ್ಯೂಟರಿ ತಳವಾರ. ಅಂಡಾಶಯ ಊರು. ಪಟೇಲರು ಬಾಯಿ ಬಿಡದಿದ್ದರೆ ತಳವಾರ ಸುಮ್ಮನಿರುತ್ತಾನೆ, ಊರೂ ಸುಮ್ಮನಿರುತ್ತದೆ. ಅಷ್ಟಕ್ಕೇ ಊರು ಹಾಳಾಯಿತು ಅನ್ನಲಾದೀತೆ?

ಆದರೆ ಪಟೇಲರ ಅಪ್ಪಣೆ ಎಂಬ ಆ ರಸವನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ. ಅದನ್ನು ಹಿಡಿಯಲು ಹೊರಟವರು ಇಬ್ಬರು. ಒಬ್ಬರು ಫ್ರಾನ್ಸ್ ದೇಶದ ರೋಜೆ ಗಿಯ್ಮಾ. ಮಾಂಟ್ರಿಯಲ್ಲಿನಲ್ಲಿ ಸೆಲ್ಯೆ ಅವರ ಬಳಿಯೇ ಕಲಿತು, ಅಮೆರಿಕದ ಹ್ಯೂಸ್ಟನ್ನಿಗೆ ಬಂದವರು. ಇನ್ನೊಬ್ಬರು ಪೋಲೆಂಡಿನಲ್ಲಿ ಹುಟ್ಟಿದ ಆಂಡ್ರೂ ಶ್ಯಾಲಿ. 1957ರಿಂದ ಕೆಲವು ವರ್ಷ ಇಬ್ಬರೂ ಜೊತೆಯಲ್ಲಿ ದುಡಿದರು. ಅವರು ಮೊದಲು ಹುಡುಕಿದ್ದು ಸಂಕಟದ ರಸವನ್ನು, ಎಂದರೆ ಅಡ್ರಿನಲ್ಲನ್ನು ಕೆಲಸಕ್ಕೆ ಹಚ್ಚಲು ಮಿದುಳು ಕಳಿಸುವ ಅಪ್ಪಣೆಯನ್ನು. ವರ್ಷಗಟ್ಟಲೆ ಹೆಣಗಿದರೂ ಅದು ಕೈಗೆ ಸಿಕ್ಕಲಿಲ್ಲ. 1962ರಲ್ಲಿ ಇಬ್ಬರೂ ಬೇರೆಯಾದರು, ಎದುರಾಳಿಗಳೂ ಆದರು.

ಶ್ಯಾಲಿ ಹಂದಿಯ ಮಿದುಳನ್ನು ಹಿಡಿದರು, ಗಿಯ್ಮಾ ಕುರಿಯ ಮಿದುಳನ್ನು ಹಿಡಿದರು. ಈ ರಸ ಒಂದು ಮಿದುಳಿನಲ್ಲಿ ಇರುವುದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಆದಕಾರಣ ಕಸಾಯಿಖಾನೆಗಳಿಂದ ಕುರಿಯ ಮಿದುಳುಗಳನ್ನು ತರಿಸಿ, ಹೈಪೊಥಲಾಮಸ್ಸಿನ ಚೂರನ್ನು ಕತ್ತರಿಸಿ ಒಟ್ಟುಮಾಡಬೇಕಾಯಿತು. ಗಿಯ್ಮಾ ಅವರ ಪ್ರಯೋಗಶಾಲೆ ಹೀಗೆ ಕೂಡಿಹಾಕಿದ ಚೂರುಗಳು 50 ಲಕ್ಷಕ್ಕೂ ಹೆಚ್ಚು. ಅದಕ್ಕಾಗಿ ಕೈಹಾಯಿಸಿದ ಮಿದುಳು 500 ಟನ್ನಿಗೂ ಹೆಚ್ಚು. 1969ರಲ್ಲಿ ಅವರಿಗೆ ಮೊದಲ ಅಪ್ಪಣೆ-ರಸ ಸಿಕ್ಕಿತು. 3 ಲಕ್ಷ ಕುರಿಗಳ ಚೂರಿನಿಂದ ಬಂದದ್ದು ಬರೀ 1 ಮಿಲಿಗ್ರಾಂ! ಅದು ಬೆದೆಯ ರಸವಲ್ಲ, ಥೈರಾಯ್ಡ್ ಗ್ರಂಥಿಗೆ ಸಂಬಂಧಿಸಿದ್ದು.

ಬೆದೆಯ ಅಪ್ಪಣೆ ಸಿಕ್ಕಿದ್ದು 1971ರಲ್ಲಿ. ಹಂದಿಯಲ್ಲಿ ಅದರ ರಚನೆಯನ್ನು ಶ್ಯಾಲಿಯವರ ಗುಂಪು ಮೊದಲು ಬಿಡಿಸಿತು. ಕುರಿಯಲ್ಲಿಯೂ ಅದು ಅದೇ ಎಂದು ಗಿಯ್ಮಾ ಅವರ ಗುಂಪು ತೋರಿಸಿತು. ಹತ್ತು ಅಮೈನೋ ಆಮ್ಲಗಳ ಒಂದು ಪುಟ್ಟ ಸರ. ಅದನ್ನು ಜಿಎನ್‌ಆರ್‌ಎಚ್ ಎಂದು ಕರೆಯುತ್ತಾರೆ. ನಾವು ಈ ಮಾತುಕತೆಯಲ್ಲಿ ‘ಬೆದೆಯಪ್ಪಣೆ’ ಎಂದು ಕರೆಯೋಣ. 1977ರಲ್ಲಿ ಇವರಿಬ್ಬರಿಗೂ, ರಕ್ತದಲ್ಲಿರುವ ಅತ್ಯಲ್ಪ ಹಾರ್ಮೋನನ್ನು ಅಳೆಯುವ ವಿಧಾನ ಕಂಡುಹಿಡಿದ ರೊಸಾಲಿನ್ ಯಾಲೊ ಎಂಬ ಮಹಿಳೆಗೂ ನೊಬೆಲ್ ಬಹುಮಾನ ಬಂತು.

ಮೊದಲು ಹುಡುಕಲು ಹೊರಟ ಸಂಕಟದ ರಸದ ಗತಿಯೇನಾಯಿತು? ಅದು ಸಿಕ್ಕಿದ್ದು 1981ರಲ್ಲಿ. ಗಿಯ್ಮಾ ಅವರ ಶಿಷ್ಯ ವೈಲಿ ವೇಲ್, ಕ್ಯಾಲಿಫೋರ್ನಿಯದ ಸಾಕ್ ಸಂಸ್ಥೆಯಲ್ಲಿ, ಕುರಿಯ ಮಿದುಳಿನಿಂದಲೇ ಅದನ್ನು ಬೇರ್ಪಡಿಸಿದರು. ಅದು 41 ಅಮೈನೋ ಆಮ್ಲಗಳ ಸರ. ನೋಡಿ, ಬೆದೆಯ ಅಪ್ಪಣೆಯೂ ಹೈಪೊಥಲಾಮಸ್ಸಿನದೇ, ಸಂಕಟದ ಅಪ್ಪಣೆಯೂ ಹೈಪೊಥಲಾಮಸ್ಸಿನದೇ. ಒಂದೇ ಚಾವಡಿಯಲ್ಲಿ ಎರಡು ದಫ್ತರ.

ಈ ನಡುವೆ ಇನ್ನೊಂದು ಗುಟ್ಟು ಹೊರಬಿದ್ದಿತ್ತು. ಅಮೆರಿಕದ ಅರ್ನ್‌ಸ್ಟ್ ನೋಬಿಲ್ ಅವರ ಗುಂಪು 1978ರಲ್ಲಿ ಕೋತಿಗಳಲ್ಲಿ ತೋರಿಸಿದ್ದು ಇದು: ಬೆದೆಯಪ್ಪಣೆಯನ್ನು ಗಂಟೆಗೊಮ್ಮೆ ಸ್ವಲ್ಪಸ್ವಲ್ಪ ಕೊಟ್ಟರೆ ಪಿಟ್ಯೂಟರಿ ಚೆನ್ನಾಗಿ ದುಡಿಯುತ್ತದೆ, ಎಡೆಬಿಡದೆ ಹರಿಸಿದರೆ ಸುಮ್ಮನಾಗುತ್ತದೆ. ತಮಟೆಯೂ ಹಾಗೆಯೇ ಅಲ್ಲವೆ? ಬಿಟ್ಟುಬಿಟ್ಟು ಹೊಡೆದರೆ ಜನ ಕಿವಿಗೊಡುತ್ತಾರೆ. ಒಂದೇ ಸಮನೆ ಬಡಿದರೆ, “ಏನೋ ಗಲಾಟೆ” ಅಂತ ಬಾಗಿಲು ಹಾಕಿಕೊಳ್ಳುತ್ತಾರೆ. ಅಪ್ಪಣೆ ಇದ್ದರೆ ಸಾಲದು, ಅದಕ್ಕೊಂದು ತಾಳ ಬೇಕು.

ಕುರಿಯಲ್ಲಿ ಆ ತಾಳವನ್ನು ನೇರವಾಗಿ ಅಳೆದವರು ಆಸ್ಟ್ರೇಲಿಯದ ಮೆಲ್ಬರ್ನಿನ ಇಯನ್ ಕ್ಲಾರ್ಕ್ ಮತ್ತು ಜೇಮ್ಸ್ ಕಮಿನ್ಸ್. ಹೈಪೊಥಲಾಮಸ್ಸಿನಿಂದ ಪಿಟ್ಯೂಟರಿಗೆ ಇಳಿಯುವ ಆ ಕೂದಲೆಳೆಯ ನಾಳಗಳಿಂದಲೇ, ಎಚ್ಚರವಾಗಿರುವ ಕುರಿಯಲ್ಲಿ, ಕೆಲವು ನಿಮಿಷಗಳಿಗೊಮ್ಮೆ ರಕ್ತ ತೆಗೆಯುವ ಉಪಾಯವನ್ನು ಅವರು ಸಾಧಿಸಿದರು. 1982ರಲ್ಲಿ ಫಲ ಪ್ರಕಟವಾಯಿತು. ಮಿದುಳಿನಿಂದ ಅಪ್ಪಣೆಯ ಒಂದು ಪೆಟ್ಟು ಬಿದ್ದಾಗ, ಪಿಟ್ಯೂಟರಿಯಿಂದಲೂ ಅಂಡಾಶಯಕ್ಕೆ ಹೋಗುವ ಹಾರ್ಮೋನಿನ ಒಂದು ಪೆಟ್ಟು ಬೀಳುತ್ತಿತ್ತು. ಈ ಎರಡನೆಯ ಹಾರ್ಮೋನನ್ನು ಎಲ್‌ಎಚ್ ಎನ್ನುತ್ತಾರೆ. ಬೆದೆ ಸಮೀಪಿಸಿದ ಕುರಿಯಲ್ಲಿ ಈ ಪೆಟ್ಟು ಹೆಚ್ಚುಕಡಿಮೆ ಗಂಟೆಗೊಂದು ಬೀಳುತ್ತದೆ. ಕೊನೆಗೆ ಎಲ್‌ಎಚ್ ಒಂದು ದೊಡ್ಡ ಹೊನಲಾಗಿ ಬಂದು ಅಂಡವನ್ನು ಬಿಡಿಸುತ್ತದೆ. ತಾಳ ನಿಧಾನವಾದರೆ ಹೊನಲಿಲ್ಲ. ಹೊನಲಿಲ್ಲದೆ ಅಂಡವಿಲ್ಲ. ಅಂಡವಿಲ್ಲದೆ ಮರಿಯಿಲ್ಲ.

ಇಷ್ಟು ತಿಳಿದ ಮೇಲೆ, ಸಂಕಟ ಈ ತಾಳವನ್ನು ಏನು ಮಾಡುತ್ತದೆ ಎಂದು ಕೇಳುವ ಕಾಲ ಬಂತು. ಪೋಲೆಂಡಿನಲ್ಲಿ, ವಾರ್ಸಾ ನಗರದ ಬಳಿ ಯಾಬ್ವೊನ್ನಾ ಎಂಬ ಊರಿನ ಸಂಶೋಧನಾಲಯದವರು 1980ರ ದಶಕದಿಂದ ಕುರಿಗಳಲ್ಲಿ ಅಲ್ಪಕಾಲದ ಕಾಟವನ್ನೂ ದೀರ್ಘಕಾಲದ ಕಾಟವನ್ನೂ ಹೋಲಿಸಿ ನೋಡಿದರು. ಎರಡರ ಫಲ ಒಂದೇ ಅಲ್ಲ. ಸ್ವಲ್ಪ ಹೊತ್ತಿನ ಕಾಟದಿಂದ ಬೆದೆಯ ಹಾರ್ಮೋನು ತುಸು ಏರಲೂಬಹುದು. ಕಾಟ ದಿನದಿನವೂ ಮುಂದುವರಿದರೆ ಮಿದುಳಿನಲ್ಲಿ ಬೆದೆಯಪ್ಪಣೆಯ ತಯಾರಿಯೇ ತಗ್ಗುತ್ತದೆ. ಒಂದು ದಿನ ನಾಯಿ ಬೆನ್ನಟ್ಟಿದ್ದು ಬೇರೆ, ದಿನಾ ರಾತ್ರಿ ನಾಯಿಯ ಭಯದಲ್ಲಿ ನಿಲ್ಲುವುದು ಬೇರೆ. ಮಿದುಳು ಈ ವ್ಯತ್ಯಾಸವನ್ನು ಬಲ್ಲದು.

ಹೊಟ್ಟೆಯ ಸಂಕಟದ ಮಾತು ಇನ್ನೂ ಸ್ಪಷ್ಟವಾಯಿತು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡಗ್ಲಸ್ ಫಾಸ್ಟರ್ ಮತ್ತು ಸಂಗಡಿಗರು ಹೆಣ್ಣು ಮರಿಗಳಿಗೆ ಮೇವು ಕಡಿಮೆ ಮಾಡಿ ಸಾಕಿದರು. ವಯಸ್ಸು ಬಂದರೂ ಅವು ಬೆದೆಗೆ ಬರಲಿಲ್ಲ. ಎಲ್‌ಎಚ್ ಪೆಟ್ಟುಗಳು ವಿರಳವಾಗಿದ್ದವು. ಆಮೇಲೆ ಹೊಟ್ಟೆತುಂಬ ಮೇವು ಕೊಟ್ಟರು. ಪೆಟ್ಟುಗಳು ಚುರುಕಾದವು, ಕೆಲವು ವಾರಗಳಲ್ಲಿ ಬೆದೆಯೂ ಬಂತು. ಇದು ಪ್ರಕಟವಾದದ್ದು 1985ರಲ್ಲಿ. ಆ ಮರಿಗಳಲ್ಲಿ ಕೆಟ್ಟುಹೋದದ್ದು ಏನೂ ಇರಲಿಲ್ಲ. ಮಿದುಳು ಕಾಯುತ್ತಿತ್ತು, ಅಷ್ಟೆ.

ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹಿಲರಿ ಡಾಬ್ಸನ್ ಮತ್ತು ಸಂಗಡಿಗರು, ಬೆದೆ ಹತ್ತಿರವಾದ ಕುರಿಗಳನ್ನು ಲಾರಿಯಲ್ಲಿ ಸಾಗಿಸಿ ನೋಡಿದರು. ಎಲ್‌ಎಚ್ ಹೊನಲು ತಡವಾಯಿತು. ಮಿಷಿಗನ್ನಿನ ಫ್ರೆಡ್ ಕಾರ್ಷ್ ಅವರ ಗುಂಪು, ಮುಂದೆ ಮೆಲ್ಬರ್ನಿನವರೂ ಸೇರಿ, ಕಾರ್ಟಿಸಾಲನ್ನು ಪರೀಕ್ಷಿಸಿದರು. ಸಂಕಟದಲ್ಲಿರುವ ಪ್ರಾಣಿಯ ಅಡ್ರಿನಲ್ ಗ್ರಂಥಿ ರಕ್ತಕ್ಕೆ ಬಿಡುವ ಹಾರ್ಮೋನೇ ಈ ಕಾರ್ಟಿಸಾಲ್. 2004ರಲ್ಲಿ ತಿಳಿದದ್ದು: ಕಾರ್ಟಿಸಾಲ್ ಹೆಚ್ಚಿದರೆ ಪಿಟ್ಯೂಟರಿಯು ಅಪ್ಪಣೆಗೆ ಓಗೊಡುವುದು ಕಡಿಮೆಯಾಗುತ್ತದೆ. 2009ರಲ್ಲಿ ತಿಳಿದದ್ದು: ಬೆದೆಯತ್ತ ಸಾಗುತ್ತಿರುವ ಕುರಿಯಲ್ಲಿ ಮಿದುಳಿನ ಅಪ್ಪಣೆಯ ಪೆಟ್ಟುಗಳೂ ವಿರಳವಾಗುತ್ತವೆ. ಎಂದರೆ ಪಟೇಲರ ಮಾತೂ ಕಡಿಮೆ, ತಳವಾರನ ಕಿವಿಯೂ ಮಂದ. ಎರಡು ಕಡೆಯಿಂದ ತಡೆ ಬಿದ್ದ ಮೇಲೆ ಊರಿಗೆ ಸುದ್ದಿ ಮುಟ್ಟುವುದು ಹೇಗೆ?

ಕುರಿಯ ಮೈ ಹೀಗೇಕೆ ಮಾಡುತ್ತದೆ? ಇದರಲ್ಲಿ ಒಂದು ವಿವೇಕವಿದೆ. ಕುರಿ ಗಬ್ಬ ಹೊರುವುದು ಐದು ತಿಂಗಳು, ಆಮೇಲೆ ಹಾಲುಣಿಸುವ ಕಾಲ. ಮೇವಿಲ್ಲದೆ, ನೀರಿಲ್ಲದೆ, ಭಯದಲ್ಲಿ ಬದುಕುವ ತಾಯಿ ಗಬ್ಬವಾದರೆ ತಾಯಿಗೂ ಅಪಾಯ, ಮರಿಗೂ ಅಪಾಯ. ಬರಗಾಲದ ವರ್ಷ ಮನೆಯಲ್ಲಿ ನಿಶ್ಚಯವಾದ ಮದುವೆಯನ್ನು ಹಿರಿಯರು ಮುಂದಕ್ಕೆ ಹಾಕುವುದಿಲ್ಲವೆ? ಸಂಬಂಧ ಮುರಿದಿಲ್ಲ, ಮುಹೂರ್ತ ಮುಂದಕ್ಕೆ ಹೋಗಿದೆ. ಸಂಕಟದ ಕುರಿಯ ಮಿದುಳು ಮಾಡುವುದೂ ಅದನ್ನೇ.

ಇದೆಲ್ಲ ಚಳಿದೇಶಗಳ ಮಾತಾಯಿತು, ನಮ್ಮ ಬಿಸಿಲಿನ ನಾಡಿಗೆ ಇದರಿಂದೇನು ಎಂದು ನೀವು ಕೇಳಬಹುದು. ರಾಜಸ್ಥಾನದ ಅವಿಕಾನಗರದಲ್ಲಿ 1962ರಲ್ಲಿ ಸ್ಥಾಪನೆಯಾದ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯವರು ಇದನ್ನು ಮಾಲ್ಪುರಾ ತಳಿಯ ಕುರಿಗಳಲ್ಲಿ ನೋಡಿದ್ದಾರೆ. ಕೆಲವು ಕುರಿಗಳನ್ನು ದಿನಕ್ಕೆ ಆರು ಗಂಟೆ 40 ಡಿಗ್ರಿ ಸೆಲ್ಸಿಯಸ್ ಸೆಕೆಯ ಕೋಣೆಯಲ್ಲಿಟ್ಟರು. ಕೆಲವಕ್ಕೆ ಮೇವು ಕಡಿಮೆ ಮಾಡಿದರು. ಕೆಲವಕ್ಕೆ ಎರಡು ಕಷ್ಟಗಳನ್ನೂ ಕೂಡಿಸಿ ಕೊಟ್ಟರು. 2010ರ ಸುಮಾರಿಗೆ ಪ್ರಕಟವಾದ ಈ ಪರೀಕ್ಷೆಗಳ ಸಾರ ಇಷ್ಟು: ಒಂದೊಂದೇ ಕಷ್ಟವನ್ನು ಹೇಗೋ ತಡೆದುಕೊಂಡ ಕುರಿ, ಎರಡೂ ಒಟ್ಟಿಗೆ ಬಂದಾಗ ಹೆಚ್ಚು ಸೋತಿತು. ಮೈಯೂ ಇಳಿಯಿತು, ಬೆದೆಯೂ ಇಳಿಯಿತು. ನಮ್ಮ ಬೇಸಿಗೆಯಲ್ಲಿ ಸೆಕೆ, ಮೇವಿನ ಅಭಾವ, ದೂರದ ನಡಿಗೆ ಇವು ಬೇರೆಬೇರೆಯಾಗಿ ಬರುವುದಿಲ್ಲ, ಜೊತೆಜೊತೆಯಾಗಿಯೇ ಬರುತ್ತವೆ. ಅದು ನಿಮಗೆ ಗೊತ್ತಿರುವ ವಿಷಯವೇ.

ಆದುದರಿಂದ ಬಾಂಧವರೆ, ಬೆದೆಗೆ ಬಾರದ ಕುರಿಯನ್ನು ಸಂತೆಗೆ ಹೊಡೆಯುವ ಮೊದಲು ಕಳೆದ ಎರಡು ಮೂರು ತಿಂಗಳ ಲೆಕ್ಕ ಹಾಕಿ. ಹೊಟ್ಟೆತುಂಬ ಮೇವು ಸಿಕ್ಕಿತ್ತೆ? ಮಧ್ಯಾಹ್ನ ನೆರಳಿತ್ತೆ, ಕುಡಿಯಲು ನೀರಿತ್ತೆ? ಹೊಟ್ಟೆಹುಳು, ಕಾಲು ಕೊಳೆಯುವ ರೋಗ, ಕಜ್ಜಿ ಏನಾದರೂ ಬಹಳ ದಿನದಿಂದ ಕಾಡುತ್ತಿದೆಯೆ? ರೊಪ್ಪದಲ್ಲಿ ರಾತ್ರಿ ತೋಳನ ಭಯ, ನಾಯಿಯ ಕಾಟ ಉಂಟೆ? ಹೊಸದಾಗಿ ಕೊಂಡು, ಲಾರಿಯಲ್ಲಿ ತುಂಬಿ ತಂದ ಕುರಿಯೆ? ಇವುಗಳಲ್ಲಿ ಯಾವುದಾದರೂ ಇದ್ದರೆ ಮೊದಲು ಅದನ್ನು ಕಳೆಯಿರಿ. ಟಗರು ಬಿಡುವುದಕ್ಕೆ ಮೂರು ವಾರ ಮುಂಚಿನಿಂದ ದಿನಕ್ಕೆ ಕಾಲು ಕಿಲೋದಷ್ಟು ಹಿಂಡಿ ಕಾಳಿನ ಆಹಾರ ಕೊಡಿ. ಮೊದಲ ದಿನವೇ ಪೂರ್ತಿ ಕೊಡಬೇಡಿ, ಸ್ವಲ್ಪಸ್ವಲ್ಪವಾಗಿ ಏರಿಸಿ. ಬೆದೆಯ ಹೊತ್ತಿನಲ್ಲಿ ದೂರದ ಪ್ರಯಾಣ ಬೇಡ. ಟಗರನ್ನೂ ಮರೆಯಬೇಡಿ, ಅದರ ಬೀಜವನ್ನು ದುಡಿಸುವುದೂ ಇದೇ ಬೆದೆಯಪ್ಪಣೆಯೇ. ಒಂದೆರಡು ಬೆದೆಯ ಕಾಲ, ಎಂದರೆ ಐದಾರು ವಾರ ಕಾದು ನೋಡಿ. ಆಗಲೂ ಬಾರದಿದ್ದರೆ, ಅಥವಾ ಮಂದೆಯಲ್ಲಿ ಕಂದು ಹಾಕುವುದು ಕಂಡರೆ, ಅದು ರೋಗವಿರಬಹುದು, ಪಶುವೈದ್ಯರನ್ನು ಕರೆಸಿ. ಕೆಲವು ಕುರಿ ನಿಜಕ್ಕೂ ಗೊಡ್ಡೇ ಆಗಿರಬಹುದು. ಆದರೆ ಆ ತೀರ್ಪು ಕೊನೆಯಲ್ಲಿ ಬರಬೇಕು, ಮೊದಲಿಗೇ ಅಲ್ಲ.

ಲಕ್ಷಾಂತರ ಕುರಿಗಳ ಮಿದುಳಿನಿಂದ ಮನುಷ್ಯ ಈ ಒಂದು ಪಾಠ ಕಲಿತ. ಆ ಪಾಠದ ಫಲ ತಿರುಗಿ ಕುರಿಗೇ ಸಲ್ಲಬೇಕು. ನಿಮ್ಮ ಮಂದೆಯಲ್ಲಿ ತಲೆ ತಗ್ಗಿಸಿ ಒಂದು ಬದಿಗೆ ನಿಂತಿರುವ ಆ ಕುರಿಯನ್ನು ಇವತ್ತು ಸಂಜೆ ಒಂದು ಸಲ ಹತ್ತಿರದಿಂದ ನೋಡಿ. ಬೆನ್ನಿನ ಮೇಲೆ ಕೈಯಿಟ್ಟು ನೋಡಿ, ಮೂಳೆ ಕೈಗೆ ತಗಲುತ್ತದೆಯೆ? ತಗಲಿದರೆ ಅದಕ್ಕೆ ಬೇಕಾದುದು ಸಂತೆಯಲ್ಲ. ನಾಲ್ಕು ವಾರದ ಮೇವು, ನೆರಳು, ಹೆದರಿಕೆಯಿಲ್ಲದ ನಿದ್ದೆ. ಚಾವಡಿಯಲ್ಲಿ ಪಟೇಲರು ಇನ್ನೂ ಇದ್ದಾರೆ. ಒಳ್ಳೆಯ ಕಾಲ ಬಂತೆಂದು ಅವರಿಗೆ ತಿಳಿಯಬೇಕಷ್ಟೆ.